ಹಿತ್ತಿಲ ಬಾಗಿಲ ಡೆಕ್ಕಿಗೆ ಪರವಾನಗಿ

ಒಂದು ವಸ್ತುವನ್ನು ಕಟ್ಟುವುದಕ್ಕಿಂತ ಅದಕ್ಕೊಂದು ಹೆಸರು ಹುಡುಕುವುದು ಕಷ್ಟ ಎಂಬುದು ನನಗೆ ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು. ಮೂವತ್ತು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ನಾಮಪದ ಎಂದರೇನು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ, ಜೊತೆಗೆ ಐದು ಉದಾಹರಣೆಯನ್ನೂ ಕೊಡಬಲ್ಲೆ. ಆದರೆ ಕಳೆದ ಸಂಕ್ರಾಂತಿಯಿಂದ ಐದು ತಿಂಗಳ ಕಾಲ, ಮನೆಯ ಹಿಂದೆ ಅದೇನೋ ಮಾಡಿಸುತ್ತೀರಂತಲ್ಲ ಎಂದು ಯಾರಾದರೂ ವಿಚಾರಿಸಿದರೆ ನಾನು ಬಾಯಿ ತೆರೆಯುತ್ತಿದ್ದೆನೇ ಹೊರತು ಒಳಗಿನಿಂದ ಯಾವ ನಾಮಪದವೂ ಹೊರಡುತ್ತಿರಲಿಲ್ಲ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಕಡೆಯವರ ಪಾಡೇ ಹೀಗೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಬೆರೆತದ್ದು, ಕಚೇರಿಯಲ್ಲಿ ತಮಿಳು. ನನ್ನ ನಾಲಿಗೆಗೆ ತಮಿಳು ಚೆನ್ನಾಗಿಯೇ ಬರುತ್ತದೆ. ತರಕಾರಿ ಚೌಕಾಸಿ ಮಾಡುತ್ತೇನೆ, ಬಸ್ಸಿನಲ್ಲಿ ಜಗಳವನ್ನೂ ಆಡಿದ್ದೇನೆ. ಕೈಗೆ ಮಾತ್ರ ಬರುವುದಿಲ್ಲ, ಕಣ್ಣಿಗೂ ಅಕ್ಷರ ಕೂಡಿಸಿ ಓದುವಷ್ಟೇ. ಅರ್ಜಿಯ ತಮಿಳು ಎದುರಿಗೆ ಬಂದರೆ ನಾನು ಒಂದನೇ ತರಗತಿಯ ಹುಡುಗನಾಗಿಬಿಡುತ್ತೇನೆ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ಮನೆ ನನ್ನದಲ್ಲ. ನಾನು ಮನೆ ಅಳಿಯ. ದೊಡ್ಡಗಾಜನೂರಿನಿಂದ ಆಚೆ, ಗುಡ್ಡದ ಬುಡದಲ್ಲಿರುವ ಈ ಮನೆಯೂ ಅದರ ಹಿಂದಿನ ಎರಡು ಎಕರೆ ಹೊಲವೂ ನಮ್ಮ ಅತ್ತೆ ಪುಟ್ಟಮಲ್ಲಮ್ಮನವರದು. ಪಟ್ಟಾ ಅವರ ಹೆಸರಿನಲ್ಲಿದೆ, ಅಧಿಕಾರವೂ ಅವರ ಕೈಯಲ್ಲಿದೆ. ಇಪ್ಪತ್ತೆಂಟು ವರ್ಷಗಳಿಂದ ಒಂದೇ ಸೂರಿನಡಿ ಇದ್ದರೂ ಅತ್ತೆ ನನ್ನೊಂದಿಗೆ ನೇರವಾಗಿ ಮಾತನಾಡಿದವರಲ್ಲ. ಅಳಿಯನ ಎದುರು ಮಾತನಾಡಬಾರದು ಎಂಬುದು ಅವರ ಕಾಲದ ಮರ್ಯಾದೆ. ನಾನು ಮೂರು ಅಡಿ ದೂರದಲ್ಲಿ ಕೂತು ಉಣ್ಣುತ್ತಿದ್ದರೂ ಅವರು ಮಗಳ ಕಡೆ ತಿರುಗಿ, ಅಳಿಮಯ್ಯಂಗೆ ಸಾರು ಬೇಕಾ ಕೇಳು ಎನ್ನುತ್ತಾರೆ. ನನ್ನ ಹೆಂಡತಿ ರತ್ನ ಅದನ್ನು ಇನ್ನೊಂದು ಸಲ ಕೇಳುತ್ತಾಳೆ. ನಾನು ರತ್ನಳಿಗೆ ಉತ್ತರ ಹೇಳುತ್ತೇನೆ. ಹೀಗೆ ನಮ್ಮ ಮನೆಯಲ್ಲಿ ಎಲ್ಲ ಮಾತನ್ನೂ ಎರಡೆರಡು ಸಲ ಆಡಲಾಗುತ್ತದೆ. ಆದರೂ ಯಾವುದೂ ಸರಿಯಾಗಿ ತಿಳಿಯುವುದಿಲ್ಲ.

ಅತ್ತೆ ಹೋದ ವರ್ಷ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಮನೆಗೆ ಬಂದದ್ದು ಗಾಲಿಕುರ್ಚಿಯಲ್ಲಿ. ನಮ್ಮ ಮನೆ ಇಳಿಜಾರಿನಲ್ಲಿದೆ. ಮುಂಬಾಗಿಲು ರಸ್ತೆಯ ಮಟ್ಟಕ್ಕಿದ್ದರೆ ಹಿತ್ತಿಲ ಬಾಗಿಲಿನಿಂದ ನೆಲ ನಾಲ್ಕು ಅಡಿ ಕೆಳಗಿದೆ, ಇಳಿಯಲು ಏಳು ಕಲ್ಲು ಮೆಟ್ಟಿಲು. ಮುಂಬಾಗಿಲಲ್ಲಿ ಕೂರಿಸಿದರೆ ಟ್ರ್ಯಾಕ್ಟರಿನ ಧೂಳು. ಸಾಲದ್ದಕ್ಕೆ ಹೋಗಿಬರುವವರೆಲ್ಲ ನಿಂತು ಸೊಂಟ ಹೇಗಿದೆ ಎಂದು ವಿಚಾರಿಸಿ, ತಮಗೆ ಗೊತ್ತಿರುವ ಬೇರೆ ಸೊಂಟಗಳ ಕಥೆ ಹೇಳಿ ಹೋಗುತ್ತಿದ್ದರು. ಅತ್ತೆಗೆ ಬೇಕಾದದ್ದು ಹಿತ್ತಿಲು. ಐವತ್ತು ವರ್ಷ ಅವರು ದಿನ ಬೆಳಗಾದರೆ ಇಳಿಯುತ್ತಿದ್ದ ಹೊಲ ಅದು. ಅದರ ಅಂಚಿಗೆ ಹುಣಸೆಮರ, ಅದರಾಚೆ ಬೇಲಿ, ಬೇಲಿಯಾಚೆ ಕಾಡು. ಗಾಲಿಕುರ್ಚಿ ಹಿತ್ತಿಲ ಬಾಗಿಲ ಹೊಸ್ತಿಲವರೆಗೆ ಮಾತ್ರ ಬರುತ್ತಿತ್ತು. ಅಲ್ಲಿ ಕೂತರೆ ಅವರಿಗೆ ಆಕಾಶವೂ ಗುಡ್ಡದ ತುದಿಯೂ ಕಾಣುತ್ತಿದ್ದವು, ಇಳಿಜಾರಿನ ತಗ್ಗಿನಲ್ಲಿದ್ದ ಹೊಲ ಕಾಣುತ್ತಿರಲಿಲ್ಲ. ಚೆಂಡುಹೂ ಕಟಾವಾಯಿತಾ, ಕಳೆ ಕಿತ್ತರಾ, ಹುಣಸೆಮರದ ಕೆಳಗೆ ಯಾರದಾದರೂ ದನ ನುಗ್ಗಿದೆಯಾ ಎಂದು ಮೊದಮೊದಲು ಗಳಿಗೆಗೊಮ್ಮೆ ಕೇಳುತ್ತಿದ್ದರು. ಆಮೇಲೆ ಕೇಳುವುದು ಕಡಿಮೆಯಾಯಿತು. ಸಂಕ್ರಾಂತಿಯ ಮಾರನೆಯ ದಿನ, "ಬಾಗ್ಲು ಆಕ್ಬುಡು ರತ್ನಿ, ಗಾಳಿ ಬತ್ತದೆ," ಎಂದರು. ಗಾಳಿ ಬೀಸುತ್ತಿರಲಿಲ್ಲ. ರತ್ನ ಬಾಗಿಲು ಹಾಕಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಈರೋಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಮ್ಮ ಮಗಳು ಸುಮ ಆ ವಾರ ಫೋನಿನಲ್ಲಿ, ಹಿತ್ತಿಲ ಬಾಗಿಲಿಗೆ ಒಂದು ಡೆಕ್ ಹಾಕಿಸಿಬಿಡಪ್ಪ ಎಂದಳು. ನನಗೆ ಗೊತ್ತಿದ್ದ ಡೆಕ್ಕು ಒಂದೇ, ಕ್ಯಾಸೆಟ್ಟು ಹಾಕುವ ಟೇಪ್ ಡೆಕ್ಕು. ಅಜ್ಜಿಗೆ ಹಾಡು ಕೇಳಿಸಿದರೆ ಸಮಾಧಾನವಾಗುತ್ತದೆ ಎಂಬುದು ಅವಳ ಅಭಿಪ್ರಾಯವಿರಬೇಕೆಂದು ತಿಳಿದು, ಈಗ ಅದು ಎಲ್ಲಿ ಸಿಗುತ್ತದಮ್ಮ ಎಂದೆ. ಅವಳು ಒಂದು ಚಿತ್ರ ಕಳಿಸಿದಳು. ಯಾವುದೋ ದೇಶದ ಮನೆಯ ಹಿಂದೆ, ಬಾಗಿಲ ಮಟ್ಟಕ್ಕೇ ಮರದ ಹಲಗೆ ಹಾಸಿ, ಕೆಳಗೆ ಕಂಬ ಕೊಟ್ಟು, ಸುತ್ತ ಕಟಕಟೆ ಕಟ್ಟಿದ್ದರು. ಒಂದು ನಾಯಿ ಅದರ ಮೇಲೆ ಮಲಗಿತ್ತು. ಗಾಲಿಕುರ್ಚಿಯನ್ನು ಒಳಗಿನಿಂದ ಹೊರಕ್ಕೆ ಸಲೀಸಾಗಿ ತಳ್ಳಬಹುದು ಎಂದು ನೋಡಿದ ಕೂಡಲೇ ತಿಳಿಯಿತು.

ಬಡಗಿ ಸಿದ್ದಲಿಂಗಾಚಾರಿಯನ್ನು ಕರೆಸಿ ಚಿತ್ರ ತೋರಿಸಿದೆ. ಅವನು ನಾಯಿಯನ್ನೇ ಬಹಳ ಹೊತ್ತು ನೋಡಿ, ಇದು ಅಟ್ಟಣೆ ಅಲ್ಲವಾ ಎಂದ. ನಾಲ್ಕು ಕಂಬ ನಿಲ್ಲಿಸಿ ಹಲಗೆ ಹೊಡೆದರೆ ಮುಗಿಯಿತು, ಹಳೇ ಕೊಟ್ಟಿಗೆ ಬಿಚ್ಚಿದ ತೊಲೆಗಳೇ ಸಾಕು, ನಾಲ್ಕು ದಿನದ ಕೆಲಸ ಎಂದು ಅಳತೆ ತೆಗೆದುಕೊಂಡ. ಅವನು ಮಾರನೆಯ ದಿನವೇ ಶುರುಮಾಡಿಬಿಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಹೊಲದ ನಾಗಮಲ್ಲಪ್ಪ ಬಂದ. ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ಕೇಳ್ದೆ ಕಟ್ಬುಟ್ಟೀಯ ಕಣ್ಲಾ," ಎಂದ. "ಕಾಡಂಚು ಇದು. ಉಲಿ ಕಾಡು. ಆಮೇಲೆ ನಿನ್ ಕೈಲೇ ಕೀಳುಸ್ತಾರೆ." ಅವನು ಹೋದ ಮೇಲೆ ನನಗೆ, ಅತ್ತೆಯನ್ನು ಹೊರಗೆ ಕೂರಿಸಿ ಎರಡು ದಿನದ ನಂತರ ಕುರ್ಚಿಯ ಕೆಳಗಿನಿಂದ ಒಂದೊಂದೇ ಹಲಗೆ ಕೀಳುತ್ತಿರುವ ನನ್ನ ಚಿತ್ರವೇ ಕಣ್ಣಮುಂದೆ ಬಂತು. ಒಂದು ವಾರದಲ್ಲಿ ಅನುಮತಿ ತಂದುಬಿಡುತ್ತೇನೆ ಎಂದು ಆಚಾರಿಗೆ ಹೇಳಿದೆ. ಅವನು ಉಳಿ ಸುತ್ತಿಗೆಗಳನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದ.

ಪಂಚಾಯಿತಿ ಕಚೇರಿಯಲ್ಲಿ ಕೂತಿದ್ದ ಹೆಣ್ಣುಮಗಳು ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಹೊಸದಾಗಿ ಬಂದವಳು. ಕನ್ನಡ ಅಷ್ಟಕ್ಕಷ್ಟೆ, ಆದರೆ ಬಹಳ ಒಳ್ಳೆಯವಳು. ನಾನು ಕೂರುವವರೆಗೂ ಕಾದು, ಏನು ಕಟ್ಟುತ್ತೀರಿ ಸಾರ್ ಎಂದು ತಮಿಳಿನಲ್ಲಿ ಕೇಳಿದಳು. ಅರ್ಜಿಯಲ್ಲಿ ಮನೆ, ಕೊಟ್ಟಿಗೆ, ಉಗ್ರಾಣ, ಶೌಚಾಲಯ, ಕಾಂಪೌಂಡ್ ಗೋಡೆ ಎಂದೆಲ್ಲ ಇತ್ತು, ನನ್ನದು ಇರಲಿಲ್ಲ. ಡೆಕ್ ಎಂದೆ. ಅವಳಿಗೂ ತಿಳಿಯಲಿಲ್ಲ. ಎತ್ತರದಲ್ಲಿ ಹಲಗೆ ಹಾಸಿ ಕೂರುವಂಥದ್ದು ಎಂದು ಕೈಯಲ್ಲಿ ತೋರಿಸುತ್ತ, ಹೊಳೆದ ತಮಿಳು ಮಾತನ್ನು ಹೇಳಿದೆ: ಮರ ಮೇಡೈ. ಅವಳ ಮುಖ ಅರಳಿತು. ಓ, ವೇದಿಕೆ. ಹಾಗಾದರೆ ಮೊದಲು ಪೊಲೀಸ್ ಠಾಣೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತನ್ನಿ ಸಾರ್ ಎಂದಳು.

ಇಲ್ಲಿ ನನ್ನ ದುರ್ಗುಣವೊಂದನ್ನು ಒಪ್ಪಿಕೊಳ್ಳಬೇಕು. ಮೇಜಿನ ಈಚೆ ಮಕ್ಕಳು ಕೂತಿದ್ದರೆ ನಾನು ಏನು ಬೇಕಾದರೂ ಪ್ರಶ್ನೆ ಕೇಳಬಲ್ಲೆ. ಮೇಜಿನ ಈಚೆ ನಾನೇ ಕೂತಾಗ ಮಾತ್ರ ಆಚೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೇನೆ. ಮುದುಕಿಯೊಬ್ಬರು ಹಿತ್ತಿಲಲ್ಲಿ ಕೂರುವುದಕ್ಕೆ ಪೊಲೀಸರು ಏಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹುಲಿ ಕಾಡಲ್ಲವೆ, ಏನೋ ಕಾರಣವಿರಬೇಕು ಎಂದುಕೊಂಡು ಮೋಟಾರು ಸೈಕಲ್ಲು ಹತ್ತಿದೆ.

ಠಾಣೆಯಲ್ಲಿ ಪತ್ರ ಬರೆಯುವ ಪೊಲೀಸಿನವರು ಎಷ್ಟು ಜನ ಸೇರುತ್ತಾರೆ ಎಂದು ಕೇಳಿದರು. ಸಾಧಾರಣವಾಗಿ ಇಬ್ಬರು, ಮಗಳು ಬಂದರೆ ಮೂವರು ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮುಖ್ಯವಾಗಿ ಮಾತನಾಡುವವರು ಯಾರು ಎಂದರು. ನಮ್ಮ ಅತ್ತೆ ಎಂದೆ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವ ವಿಷಯದ ಮೇಲೆ ಎಂದರು. ಹೆಚ್ಚಾಗಿ ನನ್ನ ಮೇಲೆಯೇ ಎಂದೆ. ಧ್ವನಿವರ್ಧಕ ಇರುತ್ತದೆಯೆ ಎಂದು ಕೇಳಿದಾಗ, ಅವರಿಗೆ ಅದರ ಅಗತ್ಯವಿಲ್ಲ ಎಂದು ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಯಾವ ಪಕ್ಷ ಎಂದು ಕೇಳಿದರು. ಅತ್ತೆ ಸದಾ ಮಗಳ ಪಕ್ಷ ಎಂದುಬಿಟ್ಟೆ. ಸ್ವತಂತ್ರ ಎಂದು ಬರೆದುಕೊಂಡಿರಬೇಕು. ಮೂರು ಸಲ ಓಡಾಡಿದ ಮೇಲೆ ಮೊಹರು ಬಿದ್ದ ಪತ್ರವೊಂದು ಕೈಗೆ ಬಂತು. ಅದನ್ನು ಮನೆಗೆ ತಂದು ದೇವರ ಮುಂದಿಟ್ಟು, ಆಚಾರಿಗೆ ಹೇಳಿಕಳಿಸಿ, ಹೆಮ್ಮೆಯಿಂದ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳಿಗೆ ತಮಿಳು ಓದಲು ಬರುತ್ತದೆ. ಆಮೇಲೆ ಫೋನು ಬಂತು. ನಗು ತಡೆಯಲಾಗದೆ ಅವಳು ಓದಿ ಹೇಳಿದ್ದಿಷ್ಟು: ಪುಟ್ಟಮಲ್ಲಮ್ಮ ಎಂಬುವರ ನೇತೃತ್ವದಲ್ಲಿ ಒಂದು ದಿನದ ಮಟ್ಟಿಗೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಘೋಷಣೆ ಕೂಗದೆ ಸಭೆ ನಡೆಸಲು ಅಡ್ಡಿಯಿಲ್ಲ.

ರತ್ನ ನಗಲಿಲ್ಲ. ಅವ್ವನ್ನ ಒಂದು ದಿನ ಕೂರಿಸಿ ಮಾರನೇ ದಿನ ಒಳಕ್ಕೆ ಎಳ್ಕೊಳೋದಾ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಫೆಬ್ರುವರಿ ಮುಗಿದಿತ್ತು. ಹಿತ್ತಿಲ ಬಾಗಿಲು ಈಗ ಹಗಲಲ್ಲೂ ಮುಚ್ಚಿಯೇ ಇರುತ್ತಿತ್ತು. ಅತ್ತೆ ನಡುಮನೆಯಲ್ಲಿ ಕೂತು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಊಟ ಅರ್ಧಕ್ಕೆ ಇಳಿದಿತ್ತು. ನನಗೆ ಸಾರು ಬೇಕಾ ಎಂದು ಕೇಳಿಸುವುದನ್ನೂ ಬಿಟ್ಟಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ನಾನಾಗಿಯೇ, ಸಾರು ಬೇಕು ಎಂದು ಗಟ್ಟಿಯಾಗಿ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ.

ಈ ಸಲ ಎಚ್ಚರ ತಪ್ಪಬಾರದೆಂದು ಅರ್ಜಿ ಬರೆಯುವವರ ಬಳಿಗೇ ಹೋದೆ. ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಕೂರುವ ಮುದುಕರು ಅವರು, ಅಕ್ಷರ ಮುತ್ತು ಪೋಣಿಸಿದಂತೆ. ಕಂಬದ ಮೇಲೆ, ಕಾಡಂಚಿನಲ್ಲಿ, ಎತ್ತರದಲ್ಲಿ ಕೂತು ಹೊಲ ನೋಡುವುದಕ್ಕೆ ಎಂದು ವಿವರಿಸಿದೆ. ಅವರು ಕಣ್ಣು ಮುಚ್ಚಿ ಯೋಚಿಸಿ, ಪರಣ್ ಎಂದರು. ನಮ್ಮ ಆಚಾರಿ ಹೇಳಿದ ಅಟ್ಟಣೆಗೆ ಅದೇ ಸರಿಯಾದ ತಮಿಳು ಎಂದು ನನಗೂ ಖುಷಿಯಾಯಿತು. ಅದು ಹಂದಿ, ಆನೆ ಕಾಯಲು ಹೊಲದಲ್ಲಿ ಕಟ್ಟುವ ಕಾವಲಟ್ಟಣೆಗೆ ಇರುವ ಹೆಸರು ಎಂಬುದು ಗೊತ್ತಿದ್ದೂ ಆ ಕ್ಷಣಕ್ಕೆ ತಲೆಗೆ ಹೋಗಲಿಲ್ಲ. ಪಂಚಾಯಿತಿಯ ಹೆಣ್ಣುಮಗಳು ಅರ್ಜಿ ಓದಿ, ಪರಣ್ ಎಂದಮೇಲೆ ಅರಣ್ಯ ಇಲಾಖೆಯನ್ನು ಕೇಳಬೇಕು ಸಾರ್ ಎಂದಳು. ನಾನು ತಲೆಯಾಡಿಸಿದೆ.

ಅರಣ್ಯದ ಕಚೇರಿಯಲ್ಲಿದ್ದ ಫಾರೆಸ್ಟರ್ ಹಾಸನೂರು ಕಡೆಯವರು, ಕನ್ನಡದವರೇ. ಇನ್ನು ತೊಂದರೆಯಿಲ್ಲ ಎಂದುಕೊಂಡೆ. ಕನ್ನಡದಲ್ಲಿಯೂ ಅಷ್ಟೇ ತೊಂದರೆಗೆ ಸಿಕ್ಕಿಕೊಳ್ಳಬಹುದು ಎಂದು ಕನ್ನಡ ಮೇಷ್ಟರಿಗೆ ತಿಳಿದಿರಬೇಕಿತ್ತು. ಅಟ್ಟಣೆಯ ಮೇಲೆ ಕೂತರೆ ಪ್ರಾಣಿಗಳು ಕಾಣುತ್ತವೆಯೆ ಎಂದು ಅವರು ಕೇಳಿದರು. ಒಳ್ಳೆಯ ಸ್ಥಳ ಎಂದು ತೋರಿಸಿಕೊಳ್ಳಲು ಹೋಗಿ, ಆನೆ ಧಾರಾಳವಾಗಿ ಕಾಣುತ್ತವೆ ಎಂದೆ. ಹೊರಗಿನಿಂದ ಯಾರಾದರೂ ಬಂದು ತಂಗುತ್ತಾರೆಯೆ ಎಂದರು. ಈರೋಡಿನಿಂದ ಮಗಳು ಬರುತ್ತಾಳೆ, ಕೆಲವು ಸಲ ಜೊತೆಗೆ ಇಬ್ಬರು ಸ್ನೇಹಿತೆಯರು, ಎರಡು ದಿನ ಇದ್ದು ಹೋಗುತ್ತಾರೆ ಎಂದೆ. ಊಟ ನೀವೇ ಕೊಡುತ್ತೀರಾ ಎಂದರು. ಈ ಪ್ರಶ್ನೆಯಿಂದ ನನಗೆ ಸ್ವಲ್ಪ ಬೇಸರವೇ ಆಯಿತು. ಮನೆಗೆ ಬಂದವರಿಗೆ ಊಟ ಕೊಡದಷ್ಟು ಕೆಟ್ಟುಹೋಗಿಲ್ಲ ನಾವು, ರಾಗಿಮುದ್ದೆ, ಸೊಪ್ಪಿನ ಸಾರು, ಭಾನುವಾರವಾದರೆ ಪಾಯಸ ಎಂದು ಬಿಡಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಅದಾದ ಹದಿನೈದು ದಿನಕ್ಕೆ ಒಂದು ಕಾಗದ ಬಂತು. ಕಾಡಂಚಿನಲ್ಲಿ ಅನುಮತಿಯಿಲ್ಲದೆ ಪ್ರವಾಸಿ ತಂಗುದಾಣ ನಡೆಸುವ ಪ್ರಯತ್ನದ ಬಗ್ಗೆ ಸ್ಥಳ ಪರಿಶೀಲನೆ ಮಾಡುವುದಾಗಿಯೂ, ಅಲ್ಲಿಯವರೆಗೆ ಯಾವ ಕೆಲಸವನ್ನೂ ಆರಂಭಿಸಬಾರದೆಂದೂ ಅದರಲ್ಲಿತ್ತು. ಪಟ್ಟಾ ಅತ್ತೆಯ ಹೆಸರಿನಲ್ಲಿದ್ದುದರಿಂದ ತಂಗುದಾಣದ ಒಡತಿ ಎಂದು ಅವರ ಹೆಸರನ್ನೇ ಬರೆದಿದ್ದರು. ಸಭೆ ನಡೆಸಲು ಹೊರಟಿದ್ದ ನಮ್ಮ ಅತ್ತೆ ಎರಡೇ ತಿಂಗಳಲ್ಲಿ ಹೋಟೆಲು ಇಡುವವರಾಗಿದ್ದರು. ಅವರಿಗೆ ಇದಾವುದೂ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಇರಲಿಲ್ಲ, ರತ್ನಳಿಗೂ ಇರಲಿಲ್ಲ.

ಪರಿಶೀಲನೆಗೆ ಬರುವ ಹೊತ್ತಿಗೆ ಮೇ ತಿಂಗಳಾಗಿತ್ತು. ಫಾರೆಸ್ಟರೂ ಪಂಚಾಯಿತಿಯ ಹೆಣ್ಣುಮಗಳೂ ಒಟ್ಟಿಗೇ ಬಂದರು. ಹಿತ್ತಿಲಲ್ಲಿ ನಿಂತು, ತಂಗುವ ಕೋಣೆಗಳು ಎಲ್ಲಿ ಎಂದು ಫಾರೆಸ್ಟರು ಕೇಳಿದರು. ನಾನು ವಿವರಿಸತೊಡಗಿದೆ. ಡೆಕ್ಕು ಎಂದೆ, ಅಟ್ಟಣೆ ಎಂದೆ, ಅಟ್ಟಣೆಯಲ್ಲ ಎಂದೆ, ಮೇಡೈ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಮಗಳು ಕಳಿಸಿದ ಚಿತ್ರ ತೋರಿಸಿದೆ. ಇಷ್ಟು ದೊಡ್ಡ ನಾಯಿ ಸಾಕುವುದಾದರೆ ಹುಲಿ ಬರುತ್ತದೆ ಎಂದು ಅವರು ಗಾಬರಿಯಾದರು. ಆಗ ಹಿತ್ತಿಲ ಬಾಗಿಲು ತೆರೆಯಿತು. ಹೊರಗೆ ಇಷ್ಟೊಂದು ಮಾತು ಕೇಳಿ, ಏನು ಗಲಾಟೆ ಎಂದು ಅತ್ತೆ ಕುರ್ಚಿ ತಳ್ಳಿಸಿಕೊಂಡು ಬಂದಿದ್ದರು. ನಾಲ್ಕು ಅಡಿ ಮೇಲೆ ಹೊಸ್ತಿಲ ಹಿಂದೆ ಕೂತು, ಕೆಳಗೆ ನಿಂತ ನಮ್ಮನ್ನೆಲ್ಲ ನೋಡಿದರು. ಖಾಕಿ ಬಟ್ಟೆ ನೋಡಿದ ಮೇಲೆ ಮುಚ್ಚಿಡುವಂತಿರಲಿಲ್ಲ. ರತ್ನ ಅವರ ಕಿವಿಯ ಹತ್ತಿರ ಬಗ್ಗಿ, ನಿನ್ನನ್ನು ಹೊರಗೆ ಕೂರಿಸಲು ಕೇಳುತ್ತಿದ್ದೇವೆ, ಆನೆ ತೋರಿಸಿ ಜನ ಸೇರಿಸುತ್ತೇವೇನೋ ಎಂದು ಇವರಿಗೆ ಅನುಮಾನ ಎಂದು ಎಲ್ಲವನ್ನೂ ಹೇಳಿದಳು.

ನಮ್ಮ ಐದು ತಿಂಗಳ ಓಡಾಟ ಅತ್ತೆಗೆ ಗೊತ್ತಾದದ್ದು ಆಗಲೇ. ಆಮೇಲೆ ಫಾರೆಸ್ಟರಿಗೆ ನೇರವಾಗಿಯೇ ಹೇಳಿದರು.

"ಆನೆ ನೋಡಾ ಆಸೆ ನಂಗಿಲ್ಲ ಕಣಪ್ಪ. ಅದ್ನ ನೋಡಿ ನೋಡಿ ಸಾಕಾಗದೆ. ನನ್ ಒಲ ನೋಡ್ಬೇಕು, ಎಂಟು ತಿಂಗ್ಳಾಯ್ತು. ಈ ಒಸ್ಲ ವಸಿ ಮುಂದುಕ್ಕೆ ಎಳ್ದುಕೊಟ್ರೆ ಸಾಕು."

ಫಾರೆಸ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಪಂಚಾಯಿತಿಯ ಹೆಣ್ಣುಮಗಳು, ಅಮ್ಮ ಏನು ಹೇಳಿದರು ಎಂದು ಕೇಳಿದಳು. ಫಾರೆಸ್ಟರೇ ತಮಿಳಿನಲ್ಲಿ ಹೇಳಿದರು: ವಾಸಪ್ಪಡಿಯನ್ನು ಸ್ವಲ್ಪ ಮುಂದಕ್ಕೆ ಎಳೆಯಬೇಕಂತೆ. ಅವಳು ಗಾಲಿಕುರ್ಚಿಯನ್ನೂ ಏಳು ಮೆಟ್ಟಿಲನ್ನೂ ನೋಡಿ ನನ್ನ ಕಡೆ ತಿರುಗಿದಳು. ಇದನ್ನು ಮೊದಲೇ ಹೇಳಬಾರದಾ ಸಾರ್, ನಡೆಯಲಾಗದವರಿಗೆ ಬಾಗಿಲ ಮೆಟ್ಟಿಲು ಸರಿಮಾಡಿಸುವುದಕ್ಕೆ ನಮ್ಮಲ್ಲಿ ಅನುಮತಿಯೇ ಬೇಡ, ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದಳು. ಹೊಸ್ತಿಲು. ನಾನು ದಿನಕ್ಕೆ ಹತ್ತು ಸಲ ದಾಟುವ ಪದ. ಅದೇಕೆ ನನಗೆ ಹೊಳೆಯಲಿಲ್ಲ ಎಂದು ಇವತ್ತಿಗೂ ಗೊತ್ತಾಗಿಲ್ಲ. ಮರ ಕಾಡಿನದ್ದಾಗಿರಬಾರದು, ಕಾಡಿನ ಕಡೆ ದೀಪ ಹಾಕಬಾರದು, ಸುತ್ತ ಗಟ್ಟಿ ಕಟಕಟೆ ಇರಲಿ ಎಂದಷ್ಟೇ ಫಾರೆಸ್ಟರು ಹೇಳಿದರು. ಕೊಟ್ಟಿಗೆಯ ಹಳೇ ತೊಲೆಗಳನ್ನು ತೋರಿಸಿದೆ. ಅತ್ತೆ ಇಬ್ಬರಿಗೂ ಮಜ್ಜಿಗೆ ಕೊಡಿಸಿದರು. ಒಂದು ಸಾಲನ್ನು ನಾನೇ ನನ್ನ ಕೈಯಾರೆ ತಮಿಳಿನಲ್ಲಿ ಬರೆದೆ. ಆ ಹೆಣ್ಣುಮಗಳು ಕೆಂಪು ಪೆನ್ನಿನಲ್ಲಿ ಮೂರು ತಪ್ಪು ತಿದ್ದಿ ಸಹಿ ಹಾಕಿದಳು.

ಆಚಾರಿ ಹೇಳಿದಂತೆ ನಾಲ್ಕೇ ದಿನದ ಕೆಲಸ. ಐದನೆಯ ದಿನ ಬೆಳಿಗ್ಗೆ, ಹಿಂದಿನ ದಿನದ ಮಳೆಗೆ ಹಲಗೆ ಇನ್ನೂ ಹಸಿಯಾಗಿರುವಾಗಲೇ, ರತ್ನ ಕುರ್ಚಿಯನ್ನು ಹೊಸ್ತಿಲು ದಾಟಿಸಿ ಕಟಕಟೆಯವರೆಗೂ ತಳ್ಳಿಕೊಂಡು ಹೋದಳು. ಅತ್ತೆ ಎರಡೂ ಕೈಯಲ್ಲಿ ಕಟಕಟೆ ಹಿಡಿದು ಕೂತರು. ಚೆಂಡುಹೂವಿನ ಹೊಸ ಸಸಿ ನಾಟಿಯಾಗಿತ್ತು. ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೊಂದಾಗಿ ನೋಡಿದರು. ಹುಣಸೆಮರವನ್ನು ನೋಡಿದರು. ನಾನು ಬಾಗಿಲ ಬಳಿ ನಿಂತು ಕಾಯುತ್ತಿದ್ದೆ. ಕೊನೆಗೆ, ಮೂರನೇ ಸಾಲು ಸೊಟ್ಟಗದೆ ಎಂದರು. ಆ ದಿನ ಮಧ್ಯಾಹ್ನ ಎರಡು ಮುದ್ದೆ ಉಂಡರು. ಅಳಿಮಯ್ಯಂಗೆ ಸಾರು ಬೇಕಾ ಕೇಳು ಎಂದರು. ನಾನು ಮೂರು ಸಲ ಹಾಕಿಸಿಕೊಂಡೆ.

ಈಗ ಆ ಹಲಗೆಯ ಮೇಲೆ ಅವರು ಬೆಳಗಿನ ಬಿಸಿಲಲ್ಲಿ ಕೂರುತ್ತಾರೆ, ಮಧ್ಯಾಹ್ನ ಒಳಗೆ ಮಲಗುತ್ತಾರೆ, ನಾಲ್ಕು ಗಂಟೆಗೆ ಮತ್ತೆ ಬರಬೇಕು. ತೊಂದರೆ ಶುರುವಾಗಿರುವುದು ಇಲ್ಲಿಯೇ. ಶಾಲೆಯಿಂದ ಬಂದವನು, ಗಾಳಿ ಚೆನ್ನಾಗಿದೆಯಲ್ಲ, ಹತ್ತು ನಿಮಿಷ ಕೂರೋಣ ಎಂದು ಮಕ್ಕಳ ಕಾಪಿ ಪುಸ್ತಕಗಳನ್ನು ಹರಡಿಕೊಂಡು ಕೂರುತ್ತೇನೆ. ಕಾಫಿ ಅಲ್ಲಿಗೇ ಬರುತ್ತದೆ. ನಾಗಮಲ್ಲಪ್ಪ ಬೇಲಿ ದಾಟಿ ಬಂದು ಪಕ್ಕದಲ್ಲಿ ಕಾಲು ಚಾಚುತ್ತಾನೆ, ಗಾಲಿಕುರ್ಚಿಗೆ ಜಾಗವೇ ಉಳಿಯುವುದಿಲ್ಲ. ಹತ್ತು ನಿಮಿಷ ಎರಡು ಗಂಟೆಯಾಗುತ್ತದೆ. ಮೊನ್ನೆ ಹಾಗೆಯೇ ಕೂತಿದ್ದಾಗ ಬೆನ್ನ ಹಿಂದೆ ಗಾಲಿಯ ಸದ್ದು ಕೇಳಿಸಿತು. ಹೊಸ್ತಿಲ ಬಳಿ ಕುರ್ಚಿ ನಿಂತಿತು. ಅತ್ತೆ ಮಗಳಿಗೆ ಹೇಳಿದ್ದು ಕಿವಿಗೆ ಬಿತ್ತು.

"ರತ್ನಿ, ಅಳಿಮಯ್ಯಂಗೆ ಏಳಾಕೆ ಏಳು."

ನಮ್ಮ ಕಡೆಯ ಬಾಯಲ್ಲಿ ಹೇಳುವುದಕ್ಕೂ ಏಳುವುದಕ್ಕೂ ವ್ಯತ್ಯಾಸವಿಲ್ಲ. ಎರಡೂ ಏಳುವುದೇ. ಮೂವತ್ತು ವರ್ಷದಿಂದ ಮಕ್ಕಳಿಗೆ ಹಕಾರ ಹಾಕಿ ಮಾತನಾಡಿ ಎಂದು ಬಡಿದುಕೊಳ್ಳುತ್ತಿರುವವನು ನಾನು. ಐದು ತಿಂಗಳ ಕಷ್ಟಕ್ಕೆ ನಾಲ್ಕು ಒಳ್ಳೆಯ ಮಾತು ಅತ್ತೆಯ ಬಾಯಿಂದ ಇನ್ನೂ ಬಂದಿರಲಿಲ್ಲ. ಈಗ ಮನಸ್ಸು ಕರಗಿ, ನಡೆದ ಕಥೆಯನ್ನೆಲ್ಲ ನನ್ನ ಬಾಯಿಂದಲೇ ಕೇಳಬೇಕೆಂದು ಹೇಳಿಸುತ್ತಿದ್ದಾರೆ ಎನ್ನಿಸಿತು. ಪೆನ್ನು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಎಲ್ಲಿಂದ ಶುರುಮಾಡಲಿ ಎಂದು ರತ್ನಳನ್ನು ಕೇಳಿದೆ.

"ಏನೂ ಏಳ್ಬೇಡಿ," ಎಂದಳು ಅವಳು. "ಎದ್ದು ಒಳೀಕ್ ಬನ್ನಿ. ಅವ್ವ ಅರ್ಧ ಗಂಟೆಯಿಂದ ಕಾಯ್ತಾ ಕೂತದೆ."

ನಾನು ಕಾಪಿ ಪುಸ್ತಕಗಳನ್ನು ಎತ್ತಿಕೊಂಡು ಎದ್ದೆ.